ಪಾಯಿಂಟ್ 22 ಬಂದೂಕು, ಒಂದೇ ಒತ್ತಿಗೆ ಹತ್ತಾರು ಗುಂಡು: ಕಾನೂನು ಏನು ಹೇಳುತ್ತದೆ?

ಪ್ರಶ್ನೆ (ಹಾಸನ): ಮೇಡಂ, ನಮಸ್ಕಾರ. ನನ್ನದು ಸಣ್ಣ ಲೇತ್ ವರ್ಕ್‌ಶಾಪ್. ಬಂದೂಕಿನ ಒಳಗಿನ ಯಂತ್ರಗಾರಿಕೆ ಬಗ್ಗೆ ಚಿಕ್ಕಂದಿನಿಂದಲೂ ಕುತೂಹಲ. ಮೊನ್ನೆ ಅಮೆರಿಕನ್-180 ಎಂಬ ಗನ್ನಿನ ವಿಡಿಯೊ ನೋಡಿದೆ. ಮೇಲೆ ತಟ್ಟೆಯಂಥ ಡ್ರಮ್ಮು, ಅದರಲ್ಲಿ 177 ತೋಟೆ, ಎಲ್ಲವೂ ಪಾಯಿಂಟ್ 22, ಅಂದರೆ 0.22 ಇಂಚು ನಳಿಗೆಯ ಅಳತೆಯವು. ಇಷ್ಟು ಸಣ್ಣ ಗುಂಡನ್ನು ನಮ್ಮ ರೈಫಲ್ ಕ್ಲಬ್‌ಗಳಲ್ಲಿ ಕಾಲೇಜು ಹುಡುಗರೂ ಹೊಡೆಯುತ್ತಾರಲ್ಲ. ಅಂಥ ಗನ್ ಇಟ್ಟುಕೊಳ್ಳಲು ಇಲ್ಲಿ ಲೈಸೆನ್ಸ್ ಸಿಗುತ್ತದೆಯೇ?

ಉತ್ತರ (ವಕೀಲರು, ಮೈಸೂರು): ನಮಸ್ಕಾರ. ಸಿಗುವುದಿಲ್ಲ. ಗುಂಡು ಎಷ್ಟು ಸಣ್ಣದು ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಂ ‘ನಿಷೇಧಿತ ಅಸ್ತ್ರ’ ಯಾವುದೆಂದು ಹೇಳುವಾಗ ನಳಿಗೆಯ ಅಳತೆಯನ್ನು ಕೇಳುವುದೇ ಇಲ್ಲ. ಟ್ರಿಗರ್ ಒತ್ತಿ ಹಿಡಿದರೆ, ಬೆರಳು ತೆಗೆಯುವವರೆಗೆ ಅಥವಾ ಮ್ಯಾಗಜೀನ್ (ತೋಟೆ ತುಂಬಿಡುವ ಭಾಗ) ಖಾಲಿಯಾಗುವವರೆಗೆ ಗುಂಡು ಹಾರುತ್ತಲೇ ಇರುವಂತೆ ತಯಾರಾದ ಬಂದೂಕು ನಿಷೇಧಿತ. ಹಾಗೆ ಮಾರ್ಪಾಡು ಮಾಡಿದ್ದೂ ನಿಷೇಧಿತವೇ.

ನೀವು ನೋಡಿದ ಗನ್ನು ಡಿಕ್ ಕಾಸುಲ್ ಅವರ ವಿನ್ಯಾಸದಿಂದ ಬಂದದ್ದು. ನಿಮಿಷಕ್ಕೆ ಸುಮಾರು 1,200 ಗುಂಡಿನ ವೇಗ, ಅಂದರೆ ಸೆಕೆಂಡಿಗೆ 20. 177 ತೋಟೆಯ ಡ್ರಮ್ಮು ಒಂಬತ್ತು ಸೆಕೆಂಡಿನಲ್ಲಿ ಖಾಲಿ. ಅಮೆರಿಕದ ಯೂಟಾ ರಾಜ್ಯದ ಜೈಲು ಕಾವಲಿನವರು ಇದನ್ನು ಬಳಸಿದ್ದರು. ಒಂದೊಂದು ಗುಂಡೂ ಸಣ್ಣದೇ, ಆದರೆ ಸೆಕೆಂಡಿಗೆ ಇಪ್ಪತ್ತು ಬಂದು ಒಂದೇ ಕಡೆ ಬಿದ್ದಾಗ ಆಗುವ ಹಾನಿ ಸಣ್ಣದಲ್ಲ. ಬಿಡಿಯಾಗಿ ಹಾರಿದ ಒಂದು ಪಾಯಿಂಟ್ 22 ಗುಂಡೂ ಪ್ರಾಣ ತೆಗೆಯಬಲ್ಲದು, ಒಂದು ಮೈಲಿಗೂ ಆಚೆ ಹೋಗಿ ಬೀಳಬಲ್ಲದು.

7ನೇ ಕಲಂ ಪ್ರಕಾರ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಇಲ್ಲದೆ ಇಂಥದ್ದನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ. ಹವ್ಯಾಸಕ್ಕೆಂದು ಆ ಅನುಮತಿ ಕೊಡುವುದಿಲ್ಲ. 2019ರ ತಿದ್ದುಪಡಿಯ ನಂತರ, ಬರೀ ಇಟ್ಟುಕೊಂಡದ್ದಕ್ಕೇ ಶಿಕ್ಷೆ 7 ವರ್ಷದಿಂದ 14 ವರ್ಷ. ತಯಾರಿಸಿದರೆ, ಮಾರಿದರೆ 10 ವರ್ಷದಿಂದ ಜೀವಾವಧಿ. ‘ಸಣ್ಣ ಗುಂಡು, ಸಣ್ಣ ಕೇಸು’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಪ್ರಶ್ನೆ (ಹಾಸನದವರೇ): ಅರ್ಥವಾಯಿತು ಮೇಡಂ. ಹಾಗಾದರೆ ಸೆಮಿ ಆಟೋಮ್ಯಾಟಿಕ್? ಒಂದು ಸಲ ಒತ್ತಿದರೆ ಒಂದೇ ಗುಂಡು, ಮುಂದಿನ ತೋಟೆ ತಾನಾಗಿ ಏರುತ್ತದೆ, ಅಷ್ಟೇ. ಅಂಥ ಪಾಯಿಂಟ್ 22 ರೈಫಲ್ ಆಗಬಹುದೇ?

ಉತ್ತರ: ಇಲ್ಲಿ ವಿಷಯ ಸ್ವಲ್ಪ ಸಿಕ್ಕು. 2016ರ ಶಸ್ತ್ರಾಸ್ತ್ರ ನಿಯಮಗಳ ಮೊದಲ ಅನುಸೂಚಿ ಬಂದೂಕುಗಳನ್ನು ವರ್ಗ ಮಾಡಿದೆ. ಸೆಮಿ ಆಟೋಮ್ಯಾಟಿಕ್ ಬಂದೂಕುಗಳು ವರ್ಗ 1(ಬಿ)ಯಲ್ಲಿ ಬರುತ್ತವೆ. ಅದು ಜಿಲ್ಲಾಧಿಕಾರಿ ಕೈಯಲ್ಲಿಲ್ಲ, ಕೇಂದ್ರ ಗೃಹ ಇಲಾಖೆಯ ಮಟ್ಟದ್ದು. ಆದರೆ ರಿವಾಲ್ವರು, ಪಿಸ್ತೂಲುಗಳನ್ನು ಅದರಿಂದ ಹೊರಗಿಟ್ಟು ವರ್ಗ 3(ಎ)ಗೆ ಹಾಕಿದ್ದಾರೆ. ಹಾಗಾಗಿ ಅದೇ ತೋಟೆ ಹಾರಿಸುವ ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿಗೆ ನೀವು ಊರಲ್ಲೇ ಅರ್ಜಿ ಹಾಕಬಹುದು, ರೈಫಲ್ಲಿಗೆ ಆಗದು. ಜೇಬಿನಲ್ಲಿ ಬಚ್ಚಿಡಬಹುದಾದ ಪಿಸ್ತೂಲಿಗೆ ಸುಲಭದ ದಾರಿ, ಮೂರು ಅಡಿ ಉದ್ದದ ರೈಫಲ್ಲಿಗೆ ಕಷ್ಟದ ದಾರಿ. ಗುರಿ ಅಭ್ಯಾಸ ಮಾಡುವವರ ಮಟ್ಟಿಗಾದರೂ ಇದನ್ನು ತಿದ್ದಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಿದ್ದುವವರೆಗೆ ಇರುವ ಕಾನೂನೇ ಕಾನೂನು.

ಬೋಲ್ಟ್ ಆಕ್ಷನ್, ಅಂದರೆ ಪ್ರತಿ ಗುಂಡಿಗೂ ಕೈಯಿಂದಲೇ ಬೋಲ್ಟ್ ಎಳೆದು ತೋಟೆ ಏರಿಸುವ ಪಾಯಿಂಟ್ 22 ರೈಫಲ್ಲಿಗೆ ಈ ತೊಡಕಿಲ್ಲ. ಇಶಾಪುರದ ರೈಫಲ್ ಕಾರ್ಖಾನೆಯದೇ ಸ್ಪೋರ್ಟಿಂಗ್ ರೈಫಲ್ ಇದೆ. ಅರ್ಜಿ ಹಾಕುವುದು ಬೆಂಗಳೂರಿನಂಥ ಕಮಿಷನರೇಟ್ ನಗರಗಳಲ್ಲಾದರೆ ಪೊಲೀಸ್ ಕಮಿಷನರ್ ಕಚೇರಿಗೆ, ಬೇರೆ ಕಡೆ ಜಿಲ್ಲಾಧಿಕಾರಿ ಕಚೇರಿಗೆ. ವಯಸ್ಸು 21 ತುಂಬಿರಬೇಕು.

ಪ್ರಶ್ನೆ (ಹುಬ್ಬಳ್ಳಿ): ಮೇಡಂ, ನಾನೂ ಲೇತಿನವನೇ. ಕೈಯಿಂದ ಹಿಡಿಕೆ ತಿರುಗಿಸುವ, ನಳಿಗೆಗಳ ಗೊಂಚಲಿರುವ ಹಳೇ ಗ್ಯಾಟ್ಲಿಂಗ್ ಗನ್ನಿನ ಸಣ್ಣ ಮಾದರಿ ಮಾಡ್ಬೇಕಂತ ಆಸೆ. ಅದಕ್ಕ ಟ್ರಿಗರೇ ಇಲ್ಲಲ್ರಿ. ಅಮೆರಿಕಾದಾಗ ಅದು ಮಷಿನ್ ಗನ್ ಅಲ್ಲ ಅಂತಾರ.

ಉತ್ತರ: ಅಮೆರಿಕದ ವಿಷಯ ನೀವು ಹೇಳಿದ್ದು ಸರಿ. ಕೈಯಿಂದ ತಿರುಗಿಸುವುದನ್ನು ಅಲ್ಲಿ ಮಷಿನ್ ಗನ್ ಎಂದು ಎಣಿಸುವುದಿಲ್ಲ, ಮೋಟರ್ ಕೂರಿಸಿದರೆ ಎಣಿಸುತ್ತಾರೆ. ಆದರೆ ನಮ್ಮಲ್ಲಿ ಟ್ರಿಗರ್ ಪ್ರಶ್ನೆಗೆ ಬರುವ ಮುಂಚೆಯೇ 5ನೇ ಕಲಂ ಅಡ್ಡ ನಿಲ್ಲುತ್ತದೆ. ಲೈಸೆನ್ಸ್ ಇಲ್ಲದೆ ಯಾವ ಬಂದೂಕನ್ನೂ ತಯಾರಿಸುವಂತಿಲ್ಲ. ಶಿಕ್ಷೆ 7 ವರ್ಷದಿಂದ ಜೀವಾವಧಿವರೆಗೆ. ಸ್ಫೋಟಕ ಬಳಸದಿದ್ದರೂ ತಪ್ಪಿಸಿಕೊಳ್ಳಲಾಗದು, ಏಕೆಂದರೆ ಕಾಯ್ದೆಯ ‘ಬಂದೂಕು’ ಸ್ಫೋಟಕದಿಂದಾಗಲಿ ಬೇರೆ ಶಕ್ತಿಯಿಂದಾಗಲಿ ಗುಂಡು ಹಾರಿಸುವುದೆಲ್ಲವನ್ನೂ ಒಳಗೊಳ್ಳುತ್ತದೆ. ಗಾಳಿಯಿಂದ ಪಟಪಟ ಹಾರಿಸುವ ಯಂತ್ರ ಮಾಡುತ್ತೇನೆ ಎನ್ನುವವರಿಗೂ ಇದೇ ಮಾತು. ಏರ್ ಗನ್ನಿಗೆ ಲೈಸೆನ್ಸ್ ಬೇಡ ಎಂಬುದು 4.5 ಮಿ.ಮೀ. ನಳಿಗೆ ಮತ್ತು 20 ಜೌಲ್ ಶಕ್ತಿಯ ಮಿತಿಯೊಳಗೆ ಮಾತ್ರ. ಪಾಯಿಂಟ್ 22 ತೋಟೆಯದು ನೂರು ಜೌಲ್‌ಗೂ ಹೆಚ್ಚು, ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ನಿಮ್ಮ ಕೈಚಳಕಕ್ಕೆ ತಣ್ಣೀರು ಎರಚುವುದು ನನಗೆ ಇಷ್ಟವಿಲ್ಲ. ಮರದಲ್ಲಿ ಮಾಡಿ, ಅಕ್ರಿಲಿಕ್‌ನಲ್ಲಿ ಮಾಡಿ. ನಳಿಗೆಗಳು ಪೂರ್ತಿ ಗಟ್ಟಿಯಾಗಿರಲಿ, ರಂಧ್ರವೇ ಬೇಡ. ಹಿಡಿಕೆ ತಿರುಗಿದಾಗ ನಳಿಗೆಗಳ ಗೊಂಚಲು ತಿರುಗುವುದು ಕಂಡರೆ ಯಂತ್ರದ ಸೊಗಸು ಅಷ್ಟರಲ್ಲೇ ತಿಳಿಯುತ್ತದೆ. ಮುಂದೆ ಯಾರಾದರೂ ಅದನ್ನು ಹೊಡೆಯುವ ಬಂದೂಕಾಗಿ ಬದಲಾಯಿಸಲು ಬಂದರೆ ಒಪ್ಪಬೇಡಿ. ನಕಲಿ ಬಂದೂಕನ್ನು ಅಸಲಿ ಮಾಡುವುದನ್ನು 6ನೇ ಕಲಂ ತಡೆಯುತ್ತದೆ.

ಶೂಟಿಂಗ್ ಕೋಚ್ (ಬೆಂಗಳೂರು): ಮೇಡಂ ಅನುಮತಿ ಇದ್ದರೆ ನಾನೊಂದು ಮಾತು ಸೇರಿಸುತ್ತೇನೆ. ಸಣ್ಣ ಕ್ಯಾಲಿಬರ್, ವೇಗದ ಗುಂಡು, ಎರಡೂ ಬೇಕೆನ್ನುವವರಿಗೆ ಪೂರ್ತಿ ಕಾನೂನುಬದ್ಧವಾದ ಕ್ರೀಡೆಯೇ ಇದೆ. 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್, ಒಲಿಂಪಿಕ್ಸ್‌ನ ಸ್ಪರ್ಧೆ. ಎದುರಿಗೆ ಸಾಲಾಗಿ ಐದು ಗುರಿಹಲಗೆ. ತೋಳು 45 ಡಿಗ್ರಿ ಕೆಳಗೆ ಇಳಿಸಿ ಕಾಯಬೇಕು. ಹಸಿರು ದೀಪ ಬಂದೊಡನೆ ಕೈ ಎತ್ತಿ ಐದಕ್ಕೂ ಒಂದೊಂದು ಗುಂಡು. ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6ರಲ್ಲಿ, ಆಮೇಲೆ 4ರಲ್ಲಿ. ಒಟ್ಟು 60 ಗುಂಡು. ಹಿಂದೆ ಪಾಯಿಂಟ್ 22 ಶಾರ್ಟ್ ತೋಟೆ ಹಾಕುತ್ತಿದ್ದರು, ಈಗ ಎಲ್ಲರೂ ‘ಲಾಂಗ್ ರೈಫಲ್’ ಎಂಬ ಹೆಸರಿನ, ಅದಕ್ಕಿಂತ ಉದ್ದನೆಯ ಪಾಯಿಂಟ್ 22 ತೋಟೆಯನ್ನೇ ಬಳಸಬೇಕು. ಟ್ರಿಗರ್ ಭಾರ ಒಂದು ಕೆ.ಜಿ.ಗಿಂತ ಕಡಿಮೆ ಇರುವಂತಿಲ್ಲ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಸೇನೆಯ ವಿಜಯ್ ಕುಮಾರ್ ಬೆಳ್ಳಿ ತಂದದ್ದು ಇದರಲ್ಲೇ. ಫೈನಲ್‌ನಲ್ಲಿ 40ಕ್ಕೆ 30. ಚಿನ್ನ ಗೆದ್ದ ಕ್ಯೂಬಾದ ಲ್ಯೂರಿಸ್ ಪುಪೊ 34. ನಾಲ್ಕು ಸೆಕೆಂಡಿನ ಸರಣಿಗೆ ನಿಂತ ಹೊಸಬರು ಮೂರನೇ ಹಲಗೆ ಮುಟ್ಟುವಷ್ಟರಲ್ಲಿ ದೀಪ ಕೆಂಪಾಗಿರುತ್ತದೆ. ಮಷಿನ್ ಗನ್ನಿನಲ್ಲಿ ಯಂತ್ರ ಮಾಡುವ ಕೆಲಸವನ್ನು ಇಲ್ಲಿ ನಿಮ್ಮ ಭುಜ, ಕಣ್ಣು, ಬೆರಳು ಮಾಡಬೇಕು. ಮೊದಲ ದಿನವೇ ಪಿಸ್ತೂಲು ಕೊಳ್ಳಬೇಡಿ. ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ನೋ ಮಾನ್ಯತೆ ಪಡೆದ ಬೇರೆ ಕ್ಲಬ್ಬೋ ಸೇರಿ, 10 ಮೀಟರ್ ಏರ್ ಪಿಸ್ತೂಲಿನಿಂದ ಶುರುಮಾಡಿ.

ಪ್ರಶ್ನೆ (ಡಲ್ಲಾಸ್, ಅಮೆರಿಕ): ಅಕ್ಕಾ, ನಾನಿಲ್ಲಿ ಎಚ್-1ಬಿ ವೀಸಾದಲ್ಲಿದ್ದೇನೆ. ಟೆಕ್ಸಸ್‌ನಲ್ಲಿ ಎಲ್ಲವೂ ಸಲೀಸು ಅಂತ ಆಫೀಸಿನವರು ಹೇಳುತ್ತಾರೆ. ವಾರಾಂತ್ಯಕ್ಕೆ ರೇಂಜಿಗೆ ಹೋಗಿ ಬಾಡಿಗೆ ಮಷಿನ್ ಗನ್ ಹೊಡೆಯಲು ಕರೆಯುತ್ತಿದ್ದಾರೆ. ಹೋಗಲೇ?

ಉತ್ತರ: ತಮ್ಮಾ, ಈ ಇಡೀ ಚರ್ಚೆಯಲ್ಲಿ ನನಗೆ ಅತಿ ಆತಂಕ ತಂದದ್ದು ನಿನ್ನ ಪ್ರಶ್ನೆ. ಸದ್ಯಕ್ಕೆ ಹೋಗಬೇಡ. ವಲಸೆರಹಿತ ವೀಸಾದಲ್ಲಿ (ನಿನ್ನ ಎಚ್-1ಬಿಯೂ ಅಂಥದ್ದೇ) ಬಂದವರು ಬಂದೂಕು ಹೊಂದುವುದನ್ನು ಅಲ್ಲಿನ ಫೆಡರಲ್ ಕಾನೂನೇ ನಿಷೇಧಿಸಿದೆ. ಟೆಕ್ಸಸ್ ಎಷ್ಟೇ ಸಡಿಲವಾಗಿದ್ದರೂ ಅದರಿಂದ ರಕ್ಷಣೆ ಇಲ್ಲ. ರೇಂಜಿನಲ್ಲಿ ಹತ್ತು ನಿಮಿಷ ಬಾಡಿಗೆಗೆ ಹಿಡಿದರೂ ಅದು ‘ಹೊಂದಿದ್ದು’ ಎಂದೇ ಆಗಬಹುದು. ಶಿಕ್ಷೆ 15 ವರ್ಷದವರೆಗೆ, ಜೊತೆಗೆ ಗಡೀಪಾರಿನ ಅಪಾಯ. ಕೆಲವು ವಿನಾಯಿತಿಗಳಿವೆ, ಮುಖ್ಯವಾದದ್ದು ಅಲ್ಲಿನ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅದು ಕೈಯಲ್ಲಿದ್ದರೂ ಅಲ್ಲಿನ ವಕೀಲರನ್ನು ಕೇಳಿ, ಬರವಣಿಗೆಯಲ್ಲಿ ಸಲಹೆ ಪಡೆದ ಮೇಲೆ ಮಾತ್ರ ಹೆಜ್ಜೆ ಇಡು. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ.

ಅಮೆರಿಕದಲ್ಲೂ ಇದು ಅಂಗಡಿಗೆ ಹೋಗಿ ಕೊಳ್ಳುವ ವಸ್ತುವಲ್ಲ. 1934ರಿಂದಲೇ ಮಷಿನ್ ಗನ್ನಿಗೆ ನೋಂದಣಿ, 200 ಡಾಲರ್ ತೆರಿಗೆ. 1986ರ ಮೇ 19ಕ್ಕೆ ಮುಂಚೆ ನೋಂದಣಿಯಾದದ್ದನ್ನು ಮಾತ್ರ ಸಾಮಾನ್ಯ ಜನ ಕೊಳ್ಳಬಹುದು. ಹೊಸದು ಸೇರುವಂತಿಲ್ಲ, ಹಳೆಯದಕ್ಕೆ ಬೆಲೆ ಏರುತ್ತಲೇ ಇದೆ.

ಪ್ರಶ್ನೆ (ವಿರಾಜಪೇಟೆ): ನಾವು ಕೊಡವರು ಮೇಡಂ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡುವವರು. ನಮಗೆ ಲೈಸೆನ್ಸ್ ವಿನಾಯಿತಿ ಇರುವುದರಿಂದ ಈ ನಿಷೇಧ ಅನ್ವಯಿಸುವುದಿಲ್ಲ ಎಂದು ಒಬ್ಬರು ವಾದಿಸುತ್ತಿದ್ದಾರೆ.

ಉತ್ತರ: ವಿನಾಯಿತಿ ನಿಜ. ಕೊಡವರಿಗೆ, ಜಮ್ಮಾ (ಕೊಡಗಿನ ಪಾರಂಪರಿಕ ಭೂ ಹಿಡುವಳಿ) ಹಿಡುವಳಿದಾರರಿಗೆ 2029ರ ಅಕ್ಟೋಬರ್ 31ರವರೆಗೆ ಇದೆ, 2021ರಲ್ಲಿ ನಮ್ಮ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಅದು ನಿಮ್ಮ ಮನೆತನದ ಕೋವಿಯ ಗೌರವಕ್ಕೆ ಬಂದ ವಿನಾಯಿತಿ. ಅದನ್ನು ಹಿಡಿದು ಆಟೋಮ್ಯಾಟಿಕ್ ಬಂದೂಕಿನವರೆಗೆ ಎಳೆಯಬೇಡಿ. ಅಂಥ ಒಂದು ಕೇಸು ಬಂದರೂ ವಿನಾಯಿತಿ ಬೇಡವೆನ್ನುವವರ ಕೈಗೆ ನಾವೇ ವಾದ ಕೊಟ್ಟಂತೆ.

ಪ್ರಶ್ನೆ (ಶಿವಮೊಗ್ಗ): ತಾತ ತೀರಿಕೊಂಡ ಮೇಲೆ ಅಟ್ಟದಲ್ಲಿ ಒಂದು ಹಳೇ ಪಾಯಿಂಟ್ 22 ಸಿಕ್ಕಿದೆ ಮೇಡಂ. ಕಾಗದಪತ್ರ ಕಾಣುತ್ತಿಲ್ಲ. ಸೆಮಿ ಆಟೋಮ್ಯಾಟಿಕ್ಕೋ ಏನೋ ಗೊತ್ತಾಗುತ್ತಿಲ್ಲ.

ಉತ್ತರ: ಪರೀಕ್ಷಿಸಲು ಹೋಗಬೇಡಿ, ಬಿಚ್ಚಬೇಡಿ, ಹೊಡೆದು ನೋಡಲೇಬೇಡಿ. ತೋಟೆ ಒಳಗೇ ಇರಬಹುದು. 21ನೇ ಕಲಂ ಪ್ರಕಾರ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ನೀವೇ ಹೊತ್ತುಕೊಂಡು ಹೋಗುವ ಬದಲು ಠಾಣೆಗೆ ಮೊದಲು ಲಿಖಿತವಾಗಿ ತಿಳಿಸಿ, ಅವರೇ ಬಂದು ತೆಗೆದುಕೊಳ್ಳಲಿ. ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ತಾತನ ಹೆಸರಿನ ಹಳೇ ಲೈಸೆನ್ಸಿನ ದಾಖಲೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಿಗಬಹುದು. ಸಿಕ್ಕಿ, ಅದು ನಿಷೇಧಿತ ವರ್ಗದ್ದಲ್ಲದಿದ್ದರೆ, ವಾರಸುದಾರರಾಗಿ ನಿಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಒಬ್ಬರಿಗೆ ಎರಡೇ ಬಂದೂಕು ಎಂಬ 2019ರ ಮಿತಿಗೆ ಇದೂ ಸೇರುತ್ತದೆ. ಇವತ್ತೇ ಅರ್ಜಿ ಬರೆಯಿರಿ, ಒಕ್ಕಣೆ ಬೇಕಿದ್ದರೆ ಇಲ್ಲೇ ಕೇಳಿ, ಬರೆದುಕೊಡುತ್ತೇನೆ.