ಅಯ್ಯನವರ ಮಕ್ಕಳು ಜರ್ಮನಿಗೆ: ದೊಡ್ಡ ಮಗಳನ್ನು ಕರೆದೊಯ್ಯುವುದೇ, ಇಲ್ಲೇ ಬಿಡುವುದೇ?

ಬಲ್ಮಠದ ತಾಯಿ ಕೇಳಿದ್ದು:

ಎಲ್ಲರಿಗೂ ವಂದನೆಗಳು. ನನ್ನ ಯಜಮಾನರು ದಕ್ಷಿಣ ಭಾರತ ಸಭೆಯ (ಸಿಎಸ್ಐ ಚರ್ಚಿನ) ಸಭಾಪಾಲಕರು, ಜನ ಕರೆಯುವಂತೆ ಅಯ್ಯನವರು. ಸಭೆಗಳ ನಡುವಿನ ವಿನಿಮಯ ಯೋಜನೆಯಲ್ಲಿ ಜರ್ಮನಿಯ ವ್ಯೂರ್ಟೆಂಬರ್ಗ್ ಭಾಗದ ಸಭೆಯೊಂದಕ್ಕೆ ಮೂರು ವರ್ಷಗಳ ಸೇವೆಗೆ ಅವರನ್ನು ಕರೆದಿದ್ದಾರೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ ದಾರಿಯಲ್ಲೇ ಈಗ ನಾವು ಹಿಂದಕ್ಕೆ ಹೊರಟಿದ್ದೇವೆ ಎಂದು ಸಭೆಯ ಹಿರಿಯರಿಗೆ ಬಹಳ ಸಂತೋಷ. ಎಂಟು ವರ್ಷದ ಮಗ ಹಿಮದ ಕನಸಿನಲ್ಲೇ ಇದ್ದಾನೆ. ಎಂಟನೆಯ ತರಗತಿ ಮುಗಿಸುತ್ತಿರುವ ಹದಿಮೂರರ ಮಗಳು ಮಾತ್ರ ಮಾತು ಕಡಿಮೆ ಮಾಡಿದ್ದಾಳೆ. ಮನೆಗೆ ಬಂದವರೆಲ್ಲ "ನಿಮ್ಮ ಮಕ್ಕಳಿಗೆ ಎಂಥ ಭಾಗ್ಯ" ಎಂದಾಗ ಎದ್ದು ಒಳಗೆ ಹೋಗುತ್ತಾಳೆ. ಕಳೆದ ವಾರ ಊಟದ ಹೊತ್ತಿನಲ್ಲಿ "ದೇವರು ಕರೆದದ್ದು ಅಪ್ಪನನ್ನು, ನನ್ನನ್ನಲ್ಲ" ಎಂದುಬಿಟ್ಟಳು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಅವಳನ್ನು ತಮ್ಮ ಬಳಿ ಬಿಡಬೇಕೆಂದು ಅತ್ತೆಯವರ ಅಭಿಪ್ರಾಯ. ಇಂಥ ಸ್ಥಳಾಂತರವನ್ನು ಕಂಡವರು ದಯವಿಟ್ಟು ತಿಳಿಸಬೇಕು.

ಧಾರವಾಡದ ಮೇಷ್ಟ್ರು:

ಸಹೋದರಿಯವರೇ, ನಿಮ್ಮ ಅತ್ತೆಯವರ ಮಾತಿನಲ್ಲಿ ಹುರುಳಿದೆ. ಸಣ್ಣವನ ವಿಷಯದಲ್ಲಿ ಚಿಂತೆ ಬೇಡ. ಆದರೆ ಹದಿಮೂರನೆಯ ವಯಸ್ಸಿನಲ್ಲಿ ಹೊಸ ಭಾಷೆಯಲ್ಲಿ ಗಣಿತ, ವಿಜ್ಞಾನ ಕಲಿಯುವುದೆಂದರೆ ಚೆನ್ನಾಗಿ ಓದುವ ಮಗುವೂ ಒಮ್ಮೆಲೇ ತರಗತಿಯ ಕೊನೆಯ ಸಾಲಿಗೆ ಬಂದಂತಾಗುತ್ತದೆ. ಮರಳಿ ಬಂದಾಗ ಅವಳ ಗೆಳತಿಯರು ದ್ವಿತೀಯ ಪಿಯುಸಿಯಲ್ಲಿರುತ್ತಾರೆ, ಇವಳ ಕೈಯಲ್ಲಿ ಜರ್ಮನ್ ಪ್ರಮಾಣಪತ್ರವಿರುತ್ತದೆ. ಅದನ್ನು ಇಲ್ಲಿ ಯಾವುದಕ್ಕೆ ಸಮಾನವೆಂದು ಒಪ್ಪುತ್ತಾರೆಂಬುದನ್ನು ಹೊರಡುವ ಮೊದಲೇ ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುವುದರಿಂದ ಅದು ಒಂದು ಆಸರೆಯಾಗಬಹುದು. ಆದರೂ ಅಜ್ಜಿಯ ಮನೆ ಅಥವಾ ಒಳ್ಳೆಯ ಹಾಸ್ಟೆಲ್ ಇರುವಾಗ ಇಷ್ಟೆಲ್ಲ ಸುತ್ತು ಏಕೆ ಎಂಬುದು ನನ್ನ ಪ್ರಶ್ನೆ.

ನೆಕರ್ ದಂಡೆಯ ಅಕ್ಕ:

ಮೇಷ್ಟ್ರ ಲೆಕ್ಕವನ್ನು ಗೌರವಿಸುತ್ತಲೇ ನಾನು ಬೇರೆ ಮಾತು ಹೇಳಬೇಕಾಗಿದೆ. ನಾವೂ ಇದೇ ಬಗೆಯ ಸೇವೆಗೆ ಜರ್ಮನಿಗೆ ಬಂದವರು. ಸೆಪ್ಟೆಂಬರ್‌ನಲ್ಲಿ ಶಾಲಾ ವರ್ಷ ಆರಂಭವಾಗುವಾಗ ನಿಮ್ಮ ಮಗಳನ್ನು ಎಂಟಕ್ಕೇ ಸೇರಿಸಿಕೊಂಡರೆ, ಮೂರು ವರ್ಷಕ್ಕೆ ಸರಿಯಾಗಿ ಹತ್ತು ಮುಗಿಯುತ್ತದೆ. ಒಂದು ವರ್ಷ ಹಿಂದೆ ಬಿದ್ದರೂ ನಡುವೆ ಕತ್ತರಿಸಿದಂತಾಗುವುದಿಲ್ಲ. ಭಾಷೆ ಬಾರದ ಮಕ್ಕಳಿಗೆ ಇಲ್ಲಿನ ಅನೇಕ ಶಾಲೆಗಳಲ್ಲಿ ಪೂರ್ವಸಿದ್ಧತಾ ತರಗತಿಗಳಿವೆ. ಬೇರೆ ಬೇರೆ ದೇಶಗಳಿಂದ ಬಂದ ಮಕ್ಕಳು ಅಲ್ಲಿ ಜರ್ಮನ್ ಕಲಿಯುತ್ತ, ಮೊದಲು ಕ್ರೀಡೆ, ಸಂಗೀತ, ಚಿತ್ರಕಲೆಗೆ, ಆಮೇಲೆ ಉಳಿದ ಪಾಠಗಳಿಗೆ ಸಾಮಾನ್ಯ ತರಗತಿಗೆ ಹೋಗುತ್ತಾರೆ. ಮನೆಯಲ್ಲೇ ಕೂರಿಸಿ ಊರಿನ ಪಠ್ಯವನ್ನಷ್ಟೇ ಓದಿಸೋಣವೆಂದು ಯೋಚಿಸಬೇಡಿ. ಜರ್ಮನಿಯಲ್ಲಿ ಶಾಲೆಗೆ ಕಳುಹಿಸುವುದು ಕಾನೂನಿನಂತೆ ಕಡ್ಡಾಯ.

ಸಣ್ಣವನ ವಿಷಯದಲ್ಲಿ ಚಿಂತೆ ಬೇಡವೆಂಬುದನ್ನು ಮಾತ್ರ ನಾನು ಒಪ್ಪಲಾರೆ. ಹಿಮದ ಕನಸು ಡಿಸೆಂಬರ್‌ನ ಕತ್ತಲೆಯಲ್ಲಿ ಕರಗಬಹುದು. ಆಗ ಬೆಳಿಗ್ಗೆ ಎಂಟಕ್ಕೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ, ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿರುತ್ತಾನೆ. ಸಣ್ಣ ಮಕ್ಕಳೂ ಬೆನ್ನಿಗೆ ಚೀಲ ಹಾಕಿಕೊಂಡು ಆ ಕತ್ತಲೆಯಲ್ಲಿ ತಾವೇ ಶಾಲೆಗೆ ನಡೆದು ಹೋಗುವುದು ಇಲ್ಲಿ ವಾಡಿಕೆ. ಅಂಕಗಳನ್ನು ನೋಡಿ ಊರಿನವರು ಗಾಬರಿಯಾಗದಂತೆ ಮೊದಲೇ ಹೇಳಿಡಿ: ಇಲ್ಲಿ 1 ಎಂದರೆ ಅತ್ಯುತ್ತಮ, 6 ಎಂದರೆ ಅತಿ ಕಳಪೆ. ನಮ್ಮ ಹುಡುಗ 2 ತೆಗೆದನೆಂದು ಊರಿನ ಅಜ್ಜ ಫೋನಿನಲ್ಲೇ ಸಮಾಧಾನ ಹೇಳತೊಡಗಿದ್ದರು.

ಮಗಳಿಗೆ ಒಂದು ಅನುಕೂಲವಿದೆ. ಇಲ್ಲಿನ ಪ್ರೊಟೆಸ್ಟೆಂಟ್ ಮಕ್ಕಳು ಸಾಮಾನ್ಯವಾಗಿ ಹದಿನಾಲ್ಕರ ಹೊತ್ತಿಗೆ ಕನ್ಫರ್ಮೇಷನ್ (ತಮ್ಮ ನಂಬಿಕೆಯನ್ನು ತಾವೇ ದೃಢಪಡಿಸುವ ಸಂಸ್ಕಾರ) ಪಡೆಯುತ್ತಾರೆ. ಅದಕ್ಕಾಗಿ ವಾರವಾರ ನಡೆಯುವ ತರಗತಿ ಮತ್ತು ಶಿಬಿರಗಳಲ್ಲಿ ಅವಳ ಓರಗೆಯವರೇ ಇರುತ್ತಾರೆ. ಆತಿಥ್ಯ ನೀಡುವ ಸಭೆಗೆ ಈಗಲೇ ಬರೆದು ಕೇಳಿ. ಆದರೆ ಅವಳನ್ನು ಅಲ್ಲಿ ಭಾರತದ ಪಾಸ್ಟರರ ಮಗಳೆಂದು ಸೀರೆ ಉಡಿಸಿ ವೇದಿಕೆಗೆ ಹತ್ತಿಸಬೇಡಿ. ಪ್ರತಿ ಮಿಷನ್ ಭಾನುವಾರವೂ ಯಾರಾದರೂ ಪ್ರೀತಿಯಿಂದಲೇ ಅದನ್ನು ಕೇಳುತ್ತಾರೆ, ಬೇಡವೆನ್ನುವ ಹಕ್ಕು ಅವಳಿಗಿರಲಿ.

ಮಿಷನ್ ಕಾಂಪೌಂಡ್:

ಹಾಸ್ಟೆಲ್ ಸಲಹೆಗೆ ನಮ್ಮ ಚರಿತ್ರೆಯಲ್ಲೇ ಉತ್ತರವಿದೆ. ಬಾಸೆಲ್ ಮಿಷನ್‌ನವರು ಶಾಲಾ ವಯಸ್ಸಿಗೆ ಬಂದ ತಮ್ಮ ಮಕ್ಕಳನ್ನು ಯುರೋಪಿಗೆ ಕಳುಹಿಸುತ್ತಿದ್ದರು. ಅವರಿಗೆಂದೇ ಬಾಸೆಲ್‌ನಲ್ಲಿ ಮಕ್ಕಳ ನಿಲಯಗಳಿದ್ದವು. ರೋಗ, ಹವೆ, ಶಿಕ್ಷಣ ಎಂಬ ಕಾರಣಗಳು ಸುಳ್ಳಲ್ಲ. ಆದರೂ ಬೆಲೆ ತೆತ್ತವರು ಮಕ್ಕಳೇ. ಮಲಯಾಳಂ ನಿಘಂಟುಕಾರ ಹೆರ್ಮನ್ ಗುಂಡರ್ಟ್‌ರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವರು. ಎಳೆವೆಯಲ್ಲೇ ಅವರನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಮರಳಿದರು. ಮತ್ತೆ ಅವರ ಬಳಿಗೆ ಬರುವ ಹೊತ್ತಿಗೆ, 1857ರಲ್ಲಿ, ಆಕೆ ಹದಿಹರೆಯದ ಹುಡುಗಿ. ಮುಂದೆ ಮಂಗಳೂರಿನಲ್ಲಿ ಸೇವೆ ಮಾಡಿ ಹೋಗಿದ್ದ ಯೊಹಾನ್ನೆಸ್ ಹೆಸ್ಸೆಯವರನ್ನು ಆಕೆ ಮದುವೆಯಾದರು. ಅವರ ಮಗನೇ ಕಾದಂಬರಿಕಾರ ಹೆರ್ಮನ್ ಹೆಸ್ಸೆ. ಆ ಹುಡುಗನನ್ನೂ ತಂದೆತಾಯಿ ಬಾಸೆಲ್‌ನಲ್ಲೇ ಇದ್ದಾಗಲೂ ಕೆಲವು ತಿಂಗಳು ಮಿಷನ್‌ನ ಬಾಲಕರ ನಿಲಯದಲ್ಲಿ ಇರಿಸಿದ್ದರೆಂದರೆ, ಆ ರೂಢಿ ಎಷ್ಟು ಸಹಜವೆನಿಸಿತ್ತೆಂದು ಊಹಿಸಬಹುದು.

ನಾನೂ ಸಭಾಪಾಲಕರ ಮಗಳು. ನಮ್ಮ ಮನೆಗಳಲ್ಲಿ ಮಕ್ಕಳು ಬೇಸರ ಹೇಳಿಕೊಂಡರೆ ಅದು ದೇವರ ಮೇಲಿನ ದೂರಿನಂತೆ ಕೇಳಿಸುತ್ತದೆ. ಹಾಗಾಗಿ ಮಗು ಬಾಯಿ ಮುಚ್ಚಿಕೊಂಡು ಒಳ್ಳೆಯದೆನಿಸಿಕೊಳ್ಳುತ್ತದೆ. ನಿಮ್ಮ ಮಗಳು ಆ ಮಾತನ್ನು ನಿಮ್ಮೆದುರೇ ಹೇಳಿದ್ದಾಳೆಂಬುದು ನನಗೆ ಶುಭಲಕ್ಷಣವಾಗಿ ಕಾಣುತ್ತದೆ. ಅದಕ್ಕೆ ಬೈಬಲ್ ವಾಕ್ಯ ಹೇಳಿ ಉತ್ತರ ಕೊಡಬೇಡಿ. ಕರೆ ಬಂದದ್ದು ಅಪ್ಪನಿಗೇ ಎಂದು ಒಪ್ಪಿಕೊಂಡು, ಬರುವುದಾದರೆ ಅವಳಿಗೇನು ಬೇಕೆಂದು ಕೇಳಿ.

ಬಲ್ಮಠದ ತಾಯಿ:

ಎಲ್ಲರಿಗೂ ಕೃತಜ್ಞತೆಗಳು. ಯಜಮಾನರೇ ಅವಳೊಡನೆ ಕುಳಿತು ಕೇಳಿದರು. ಅವಳು ಕಾಗದದಲ್ಲಿ ಬರೆದು ಕೊಟ್ಟಳು: ತಮ್ಮನಿಲ್ಲದ ಸ್ವಂತ ಕೋಣೆ, ಸಭೆಯ ಪತ್ರಿಕೆಯಲ್ಲಿ ತನ್ನ ಫೋಟೋ ಕೂಡದು, ಅಜ್ಜಿಯೊಡನೆ ತುಳುವಿನಲ್ಲಿ ಮಾತಾಡಲು ದಿನವೂ ಸಮಯ, ವರ್ಷಕ್ಕೊಮ್ಮೆ ಮಂಗಳೂರು. ಕೊನೆಯದಕ್ಕೆ ಬೇಸಿಗೆ ರಜೆಯಲ್ಲಿ ಬರುವುದೆಂದು ಹೇಳಿದ್ದೇವೆ.

ನೆಕರ್ ದಂಡೆಯ ಅಕ್ಕ:

ಆ ಮಾತನ್ನು ಕೊಡುವ ಮೊದಲು ಪಂಚಾಂಗ ನೋಡಿ. ಇಲ್ಲಿನ ಬೇಸಿಗೆ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಆಗ ನಿಮ್ಮೂರಲ್ಲಿ ಜಡಿಮಳೆ, ಅವಳ ಗೆಳತಿಯರೆಲ್ಲ ಶಾಲೆಯಲ್ಲಿರುತ್ತಾರೆ. ಕ್ರಿಸ್‌ಮಸ್‌ಗೆ ಇಲ್ಲಿ ಸುಮಾರು ಎರಡು ವಾರ ರಜೆಯಿದ್ದು, ಅದೇ ಹೊತ್ತಿಗೆ ಮಂಗಳೂರಿನ ಅನೇಕ ಶಾಲೆಗಳಿಗೂ ರಜೆ ಇರುತ್ತದೆ. ಅಯ್ಯನವರು ಮಾತ್ರ ಆ ದಿನಗಳಲ್ಲಿ ಸಭೆ ಬಿಟ್ಟು ಬರಲಾರರು. ನೀವು ಮತ್ತು ಮಕ್ಕಳೇ ಬರಬೇಕಾದೀತು. ಟಿಕೆಟ್‌ನ್ನು ಬೇಗ ಮಾಡಿಸಿ, ಡಿಸೆಂಬರ್‌ನಲ್ಲಿ ದರ ಬಹಳ ಏರುತ್ತದೆ. ದಿನದ ಫೋನಿಗೆ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಒಳ್ಳೆಯದು, ಅಜ್ಜಿಗೆ ಅದು ಬೇಸಿಗೆಯಲ್ಲಿ ಸಂಜೆ ಐದೂವರೆ, ಚಳಿಗಾಲದಲ್ಲಿ ಆರೂವರೆ.