ಆಗಸ್ಟ್ ಮೊದಲ ವಾರದ ಶೆಟ್ಲಿ (ಸಿಗಡಿ): ಎಲ್ಲಿ ತರಬೇಕು, ಹೇಗೆ ಮಾಡಬೇಕು?

ಪ್ರಶ್ನೆ (ಶಿರಸಿಯಿಂದ):
ನಮ್ಮ ಅತ್ತೆ ಅಂಕೋಲಾದವರು. ಎರಡು ತಿಂಗಳಿಂದ ಮನೆಯಲ್ಲಿ ಒಣ ಶೆಟ್ಲಿ ಚಟ್ನಿ ಬಿಟ್ಟರೆ ಮೀನಿನ ಸುದ್ದಿಯೇ ಇಲ್ಲ. ಜುಲೈ 31ಕ್ಕೆ ಬೋಟುಗಳ ಮೀನುಗಾರಿಕೆ ನಿಷೇಧ ಮುಗಿಯುತ್ತದೆ ಅಲ್ವಾ, ಈ ಸಲ ನಾನೇ ದೇವಿಮನೆ ಘಟ್ಟ ಇಳಿದು ತಾಜಾ ಶೆಟ್ಲಿ ತರುತ್ತೇನೆ ಅಂತ ಅವರಿಗೆ ಮಾತು ಕೊಟ್ಟಿದ್ದೇನೆ. ಕುಮಟಾ ಪೇಟೆಗೆ ಹೋಗಲಾ, ತದಡಿ ಬಂದರಿಗೇ ಹೋಗಲಾ? ಹೋದ ವರ್ಷ ತಂದದ್ದು ಮನೆ ಮುಟ್ಟುವಷ್ಟರಲ್ಲಿ ತಲೆಯೆಲ್ಲ ಕಪ್ಪಾಗಿತ್ತು, ಬೇಯಿಸಿದರೆ ರಬ್ಬರ್. ಅತ್ತೆ ಏನೂ ಅನ್ನಲಿಲ್ಲ, ಸಾರು ಮಾತ್ರ ಹಾಕಿಸಿಕೊಂಡು ಉಂಡರು. ನನಗೆ ಅದೇ ಬೇಜಾರು.

ಉತ್ತರ (ತದಡಿ ಹತ್ತಿರದವನು):
ಬಂದರಿಗೇ ಬನ್ನಿ ಅಕ್ಕ. ಆದರೆ 1ನೇ ತಾರೀಕಿಗೇ ಬರಬೇಡಿ. ಗಾಳಿ ಜೋರಿದ್ದರೆ ಬೋಟು ಹೊರಡುವುದೇ ಇಲ್ಲ, ಸುಮ್ನೆ ಘಟ್ಟ ಇಳಿದು ಹತ್ತಿದ ಹಾಗಾಗುತ್ತದೆ. ಗೊತ್ತಿದ್ದವರಿಗೆ ಹಿಂದಿನ ದಿನ ಫೋನ್ ಮಾಡಿ ಕೇಳಿ.

ಬುಟ್ಟಿಯಿಂದ ಒಂದನ್ನು ಕೈಗೆ ತೆಗೆದುಕೊಂಡು ನೋಡಿ. ಸಿಪ್ಪೆ ಹೊಳೆಯುತ್ತಿರಬೇಕು, ಮೈ ಬಿಗಿಯಾಗಿರಬೇಕು. ತಲೆ ಹಿಡಿದು ಎತ್ತಿದಾಗ ಕುತ್ತಿಗೆ ಹತ್ತಿರ ಸಡಿಲಾಗಿ ಜೋತು ಬಿದ್ದರೆ ಅದು ಹಳೆಯದು. ಕಡಲ ನೀರಿನ ವಾಸನೆ ಬಂದರೆ ಸರಿ, ಮೂಗಿಗೆ ಹೊಡೆಯುವ ಘಾಟು ಬಂದರೆ ಎಷ್ಟು ಅಗ್ಗವಾದರೂ ಬೇಡ. ತಲೆ, ಸಿಪ್ಪೆ ಹೋದರೆ ಒಂದು ಕೆಜಿಗೆ ಅರ್ಧ ಕೆಜಿ ಚಿಲ್ಲರೆ ಉಳಿಯುತ್ತದೆ, ಆ ಲೆಕ್ಕದಲ್ಲಿ ತೆಗೆದುಕೊಳ್ಳಿ.

ಹೋದ ಸಲ ತಲೆ ಕಪ್ಪಾಗಿದ್ದು ಐಸ್ ಸಾಲದೆ ಇರಬೇಕು. ಥರ್ಮೋಕೋಲ್ ಡಬ್ಬಿ ತನ್ನಿ. ಪುಡಿ ಐಸ್ ಒಂದು ಪದರ, ಶೆಟ್ಲಿ, ಮತ್ತೆ ಐಸ್. ಡಬ್ಬಿಯ ಅಡಿಗೆ ಸಣ್ಣ ತೂತು ಮಾಡಿ, ಕರಗಿದ ನೀರು ಇಳಿದು ಹೋಗಲಿ. ಆ ನೀರಲ್ಲೇ ಶಿರಸಿ ತನಕ ನೆಂದರೆ ರುಚಿ ಪೂರ್ತಿ ನೀರುಪಾಲು. ಸುಲಿಯುವುದು ಮನೆಗೆ ಹೋದ ಮೇಲೆಯೇ.

ಉತ್ತರ (ಕಾರವಾರ, ಬೈತಖೋಲ ಕಡೆ):
ರಬ್ಬರ್ ಆಗಿದ್ದು ಜಾಸ್ತಿ ಬೇಯಿಸಿದ್ದಕ್ಕೆ. ಶೆಟ್ಲಿಯನ್ನು ಕೊನೆಗೆ ಹಾಕಬೇಕು. ಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಅರಿಶಿನ ನುಣ್ಣಗೆ ರುಬ್ಬಿ, ಈರುಳ್ಳಿ ಜೊತೆ ಕುದಿಸಿ. ಮಳೆಗಾಲದ ಅಮಟೆಕಾಯಿ ಸಿಕ್ಕರೆ ನಾಲ್ಕು ಜಜ್ಜಿ ಹಾಕಿ, ಆ ಹುಳಿಯ ಮುಂದೆ ಹುಣಸೆ ಏನೂ ಅಲ್ಲ. ತೊಳೆದ ತಲೆಗಳನ್ನು ಬೇರೆ ಪಾತ್ರೆಯಲ್ಲಿ ಕುದಿಸಿ, ಸೋಸಿ, ಆ ನೀರನ್ನೇ ಸಾರಿಗೆ ಸೇರಿಸಿ. ಎಲ್ಲ ಬೆಂದ ಮೇಲೆ ಶೆಟ್ಲಿ ಹಾಕಿ ಮೂರು ನಾಲ್ಕು ನಿಮಿಷ. ಬಾಗಿ ಕೆಂಪಗಾದ ಕೂಡಲೇ ಇಳಿಸಿ, ಸುರುಳಿ ಸುತ್ತಿಕೊಳ್ಳುವ ತನಕ ಕಾಯಬೇಡಿ. ಜುಮ್ಮನಕಾಯಿ (ಮೀನು ಸಾರಿಗೆ ಹಾಕುವ ಘಾಟಿನ ಮಸಾಲೆ ಕಾಯಿ) ಹಾಕಿ ಅಂತ ಯಾರಾದರೂ ಹೇಳಬಹುದು. ನನ್ನ ಪ್ರಕಾರ ಅದು ಬಂಗಡೆಗೇ ಸರಿ, ತಾಜಾ ಶೆಟ್ಲಿಯ ಸಿಹಿಯನ್ನು ಮುಚ್ಚಿಬಿಡುತ್ತದೆ.

ಉತ್ತರ (ಹೊನ್ನಾವರ):
ನಿಮ್ಮ ಅತ್ತೆ ಶ್ರಾವಣ ಹಿಡಿಯುತ್ತಾರಾ? ನಮ್ಮ ಮನೆಯಲ್ಲಿ ಶ್ರಾವಣ ಶುರುವಾದರೆ ಚೌತಿ ಮುಗಿಯುವ ತನಕ ಮೀನು ಒಳಗೆ ಬರುವುದಿಲ್ಲ. ಮೊದಲು ಕ್ಯಾಲೆಂಡರ್ ನೋಡಿ.

ಪ್ರಶ್ನೆ ಕೇಳಿದವಳು:
ಹಿಡಿಯುತ್ತಾರೆ! ಅದು ಮರೆತೇ ಹೋಗಿತ್ತು, ಹೇಳಿದ್ದು ಒಳ್ಳೆಯದಾಯಿತು. ಭೀಮನ ಅಮಾವಾಸ್ಯೆಗೆ ಮುಂಚೆ ಒಂದೇ ಒಂದು ಭಾನುವಾರ ಸಿಗುತ್ತದೆ. ಗಾಳಿ ಕಡಿಮೆಯಿದ್ದರೆ ಬೆಳಗ್ಗೆ ನಾಲ್ಕಕ್ಕೆ ಹೊರಡುತ್ತೇವೆ. ಮನೆಯವರು ಈಗಲೇ ಡಬ್ಬಿಗೆ ತೂತು ಮಾಡುತ್ತಾ ಕೂತಿದ್ದಾರೆ. ಅಮಟೆಕಾಯಿ ಪಕ್ಕದ ಮನೆಯ ಮರದಲ್ಲೇ ಇದೆ, ಕೇಳಿಟ್ಟಿದ್ದೇನೆ.