ಭಾಜಕ 2ಎಕ್ಸ್ − 1 ಆದಾಗ ಭಾಗಲಬ್ಧ ಎರಡರಷ್ಟು ಬರುತ್ತಿದೆ, ಏಕೆ?

ಪ್ರಶ್ನೆ:
ನಮಸ್ಕಾರ. 4ಎಕ್ಸ್³ − 5ಎಕ್ಸ್ + 7 ಎಂಬ ಬಹುಪದೋಕ್ತಿಯನ್ನು 2ಎಕ್ಸ್ − 1ರಿಂದ ಸಂಶ್ಲೇಷಿತ ಭಾಗಾಕಾರದ (ಸಹಗುಣಕಗಳನ್ನಷ್ಟೇ ಬರೆದು, ಗುಣಿಸಿ ಕೂಡುತ್ತಾ ಭಾಗಿಸುವ ಕಿರುವಿಧಾನ) ಮೂಲಕ ಭಾಗಿಸಿದೆ. ಎಕ್ಸ್² ಪದ ಇಲ್ಲದಿರುವುದರಿಂದ ಅಲ್ಲಿ 0 ಬರೆದು, ಸಹಗುಣಕಗಳನ್ನು 4, 0, −5, 7 ಎಂದು ಸಾಲಾಗಿಟ್ಟು, ಎಡಗಡೆ ಭಾಜಕವನ್ನು ಸೊನ್ನೆಯಾಗಿಸುವ ಬೆಲೆ 1/2 ಬರೆದುಕೊಂಡೆ. ಕೆಳಸಾಲಿನಲ್ಲಿ 4, 2, −4, ಕೊನೆಯಲ್ಲಿ 5 ಬಂದವು. ದೀರ್ಘ ಭಾಗಾಕಾರದಲ್ಲಾದರೋ ಭಾಗಲಬ್ಧ 2ಎಕ್ಸ್² + ಎಕ್ಸ್ − 2 ಎಂದು ಬರುತ್ತದೆ. ಶೇಷ ಎರಡರಲ್ಲೂ 5. ಶೇಷ ಸರಿಯಾಗಿದ್ದೂ ಭಾಗಲಬ್ಧ ಮಾತ್ರ ಹೊಂದದಿರುವುದು ಹೇಗೆ?

ಉತ್ತರ:
ನೀವು ಗುಣಿಸಿ ಕೂಡಿದ್ದರಲ್ಲಿ ದೋಷವಿಲ್ಲ. ಈ ವಿಧಾನಕ್ಕೆ ಭಾಜಕದಲ್ಲಿ ಎಕ್ಸ್‌ನ ಸಹಗುಣಕ 1 ಆಗಿರಬೇಕು. ಎಡಗಡೆ 1/2 ಇಟ್ಟಿರಿ ಎಂದರೆ ಭಾಗಿಸಿದ್ದು 2ಎಕ್ಸ್ − 1ರಿಂದಲ್ಲ, ಎಕ್ಸ್ − 1/2ರಿಂದ. ಆದ್ದರಿಂದ ನಿಮ್ಮ ಕೆಳಸಾಲಿನ ಅರ್ಥ ಇಷ್ಟು:

ಭಾಜ್ಯ = (ಎಕ್ಸ್ − 1/2)(4ಎಕ್ಸ್² + 2ಎಕ್ಸ್ − 4) + 5

ಎರಡನೆಯ ಆವರಣದಿಂದ 2 ಅನ್ನು ಹೊರತೆಗೆದು ಮೊದಲನೆಯದಕ್ಕೆ ಗುಣಿಸಿದರೆ (2ಎಕ್ಸ್ − 1)(2ಎಕ್ಸ್² + ಎಕ್ಸ್ − 2) + 5 ಸಿಗುತ್ತದೆ. ಆ 2 ಸ್ಥಳ ಬದಲಿಸಿದ್ದು ಎರಡು ಆವರಣಗಳ ನಡುವೆ ಮಾತ್ರ, ಹೊರಗಿರುವ 5ಕ್ಕೆ ಅದರ ಸೋಂಕಿಲ್ಲ. ಶೇಷ ಪ್ರಮೇಯವೂ (ಭಾಜಕವನ್ನು ಸೊನ್ನೆಯಾಗಿಸುವ ಬೆಲೆಯನ್ನು ಭಾಜ್ಯದಲ್ಲಿಟ್ಟರೆ ಶೇಷ ಸಿಗುತ್ತದೆ ಎಂಬ ನಿಯಮ) ಇದನ್ನೇ ತೋರಿಸುತ್ತದೆ: ಎಕ್ಸ್ = 1/2 ಎಂದು ಆದೇಶಿಸಿದರೆ 1/2 − 5/2 + 7 = 5. ಭಾಗಲಬ್ಧವನ್ನು ಭಾಜಕದ ಎಕ್ಸ್‌ನ ಸಹಗುಣಕದಿಂದ ಭಾಗಿಸಿ, ಶೇಷವನ್ನು ಮುಟ್ಟಬೇಡಿ.

ಮತ್ತೊಬ್ಬರು:
ಭಾಜ್ಯವನ್ನೇ ಮೊದಲು 2ರಿಂದ ಭಾಗಿಸಿಕೊಂಡರೆ ಭಾಗಲಬ್ಧ ನೇರವಾಗಿ ಬರುವುದಿಲ್ಲವೇ?

ಉತ್ತರ:
ಬರುತ್ತದೆ. ಆದರೆ 2, 0, −5/2, 7/2 ಎಂಬ ಸಾಲಿನಿಂದ ಶೇಷ 5/2 ಬರುವುದರಿಂದ, ಅದನ್ನು ಮತ್ತೆ 2ರಿಂದ ಗುಣಿಸಬೇಕಾಗುತ್ತದೆ. ಪರೀಕ್ಷೆಯಲ್ಲಿ ಮರೆತುಹೋಗುವುದು ಈ ಕೊನೆಯ ಹೆಜ್ಜೆಯೇ. ಭಿನ್ನರಾಶಿಗಳ ಗೋಜೂ ಹೆಚ್ಚು. ನಾನಂತೂ ಇದನ್ನು ಸೂಚಿಸಲಾರೆ.

ಪ್ರಶ್ನಿಸಿದವರು:
ಧನ್ಯವಾದಗಳು. 3ಎಕ್ಸ್³ − 4ಎಕ್ಸ್² + 2ಎಕ್ಸ್ + 1 ಅನ್ನು 3ಎಕ್ಸ್ + 2ರಿಂದ ಭಾಗಿಸಿ ನೋಡಿದೆ. ಎಡಗಡೆ −2/3 ಇಟ್ಟಾಗ 3, −6, 6 ಮತ್ತು −3 ಬಂದವು. ಹಾಗಾದರೆ ಭಾಗಲಬ್ಧ ಎಕ್ಸ್² − 2ಎಕ್ಸ್ + 2, ಶೇಷ −3 ತಾನೇ? ಭಾಜಕ ಎಕ್ಸ್² + 1 ಆಗಿದ್ದರೂ ಹೀಗೆಯೇ ಮಾಡಬಹುದೇ?

ಉತ್ತರ:
ಭಾಗಲಬ್ಧ, ಶೇಷ ಎರಡೂ ಸರಿ, ಚಿಹ್ನೆಯನ್ನೂ ಸರಿಯಾಗಿ ಬದಲಿಸಿದ್ದೀರಿ. ಎಕ್ಸ್² + 1ಕ್ಕೆ ವಾಸ್ತವ ಶೂನ್ಯತೆಗಳು (ಅದನ್ನು ಸೊನ್ನೆಯಾಗಿಸುವ ಬೆಲೆಗಳು) ಇಲ್ಲದ ಕಾರಣ ಎಡಗಡೆ ಇಡಲು ವಾಸ್ತವ ಸಂಖ್ಯೆಯೇ ಸಿಗುವುದಿಲ್ಲ. ಅಂತಹ ಕಡೆ ದೀರ್ಘ ಭಾಗಾಕಾರವನ್ನೇ ಮಾಡಿ.